ಆಡಿಷನ್‌ನಲ್ಲಿ ಬೇಡ ಅಂದ ದನಿ: ಅಮೀನ್ ಸಯಾನಿ ಪ್ರಕರಣ

ರೇಡಿಯೋ ನಿರೂಪಕರ ಮಾತು ಬಂದರೆ ಎಲ್ಲರೂ ಮೊದಲು ಹೇಳುವುದು ಕಂಠದ ಬಗ್ಗೆ. ಎಂಥ ಕಂಠ, ದೇವರು ಕೊಟ್ಟ ವರ, ಅಂತ ಹೇಳಿ ಮುಗಿಸಿಬಿಡುತ್ತಾರೆ. ಹಿಂದಿ ಸಿನಿಮಾ ಹಾಡುಗಳ ಬಿನಾಕಾ ಗೀತ್‌ಮಾಲಾ ಕಾರ್ಯಕ್ರಮ ನಡೆಸಿಕೊಟ್ಟ ಅಮೀನ್ ಸಯಾನಿ ಬಗ್ಗೆಯಂತೂ ಇದು ಜಾಸ್ತಿ. 2024ರ ಫೆಬ್ರವರಿ 20ರಂದು ಅವರು 91ನೇ ವಯಸ್ಸಿನಲ್ಲಿ ತೀರಿಕೊಂಡಾಗ ಬಂದ ಬರಹಗಳನ್ನು ತೆಗೆದು ನೋಡಿ, ಮುಕ್ಕಾಲು ಪಾಲು ಆ ದನಿಯ ಗುಣಗಾನವೇ. ದನಿ ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅವರ ಮೊದಲ ಇಪ್ಪತ್ತೆರಡು ವರ್ಷಗಳನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಬೇರೆಯೇ ಒಂದು ಕತೆ ಕಾಣುತ್ತದೆ. ಅದೇ ದನಿಯನ್ನು ಆಕಾಶವಾಣಿಯ ಹಿಂದಿ ವಿಭಾಗ ಬೇಡ ಅಂದಿತ್ತು. ಮುಂದೆ ಅವರಿಗೆ ಸಿಕ್ಕ ಕೆಲಸ ಕೂಡ ಕಂಠ ನೋಡಿ ಕೊಟ್ಟದ್ದಲ್ಲ, ಕಡಿಮೆ ಸಂಬಳಕ್ಕೆ ಒಪ್ಪಿಕೊಂಡರು ಅಂತ ಕೊಟ್ಟದ್ದು. ಹಾಗಾಗಿ ಈ ಪ್ರಕರಣದಲ್ಲಿ ನೋಡಬೇಕಾದದ್ದು ಗಂಟಲನ್ನಲ್ಲ, ಅದರ ಸುತ್ತ ಇದ್ದದ್ದನ್ನು.

ಹುಟ್ಟಿದ್ದು 1932ರ ಡಿಸೆಂಬರ್ 21ರಂದು, ಬೊಂಬಾಯಿಯಲ್ಲಿ. ಗುಜರಾತಿ ಮುಸ್ಲಿಂ ಮನೆತನ. ತಂದೆ ಜಾನ್ ಮೊಹಮ್ಮದ್ ಸಯಾನಿ ಡಾಕ್ಟರ್. ತಾಯಿ ಕುಲ್ಸುಮ್ ಸಯಾನಿ. ನನ್ನ ಲೆಕ್ಕದಲ್ಲಿ ಈ ಪ್ರಕರಣದ ಬೀಗದ ಕೈ ಇರುವುದು ತಾಯಿಯ ಹತ್ತಿರ. ಕುಲ್ಸುಮ್ ಗಾಂಧೀಜಿಯ ಪ್ರಭಾವಕ್ಕೆ ಸಿಕ್ಕ ಹೆಂಗಸು, ವಯಸ್ಕರ ಶಿಕ್ಷಣಕ್ಕೆ ಬದುಕು ಕೊಟ್ಟವರು, ಆಮೇಲೆ ಪದ್ಮಶ್ರೀ ಕೂಡ ಬಂತು. 1940ರಲ್ಲಿ ಅವರು 'ರಹಬರ್' ಅನ್ನುವ ಪತ್ರಿಕೆ ಶುರು ಮಾಡಿದರು. ಯಾರಿಗಾಗಿ? ಆಗಷ್ಟೇ ಅಕ್ಷರ ಕಲಿತ ದೊಡ್ಡವರಿಗಾಗಿ. ಮಾತು ಒಂದೇ, ಸರಳ ಹಿಂದೂಸ್ತಾನಿ. ಲಿಪಿ ಮಾತ್ರ ಮೂರು: ನಾಗರಿ, ಉರ್ದು, ಗುಜರಾತಿ.

ಈ ಪತ್ರಿಕೆಯ ಕೆಲಸ ಎಂಥದ್ದು ಅಂತ ಸ್ವಲ್ಪ ಊಹಿಸಿಕೊಳ್ಳಿ. ಒಂದು ಸಾಲು ಬರೆದರೆ ಅದನ್ನು ನಾಗರಿ ಓದುವ ಮಿಲ್ ಕೆಲಸಗಾರನೂ ಓದಬೇಕು, ಉರ್ದು ಓದುವ ದರ್ಜಿಯೂ ಓದಬೇಕು, ಗುಜರಾತಿ ಓದುವ ಗೃಹಿಣಿಯೂ ಓದಬೇಕು. ಸಂಸ್ಕೃತದ ಕಡೆ ಒಂದು ಹೆಜ್ಜೆ ಜಾಸ್ತಿ ಹಾಕಿದರೆ ಒಬ್ಬ ಓದುಗ ಕಳಚಿಕೊಳ್ಳುತ್ತಾನೆ, ಫಾರಸಿ ಕಡೆ ವಾಲಿದರೆ ಇನ್ನೊಬ್ಬ. ಓದುವವರು ಬೇರೆ ಹೊಸಬರು, ವಾಕ್ಯ ಎರಡನೇ ಸಾಲಿಗೆ ಹೋದರೆ ಮೊದಲ ಸಾಲಿನಲ್ಲಿ ಏನಿತ್ತು ಅನ್ನುವುದೇ ಮರೆತುಹೋಗಿರುತ್ತದೆ. ಹುಡುಗ ಅಮೀನ್ ಈ ಪತ್ರಿಕೆಯ ಕೆಲಸಕ್ಕೆ ತಾಯಿಗೆ ಕೈಜೋಡಿಸುತ್ತಿದ್ದ. ತನಗೆ ಸರಳವಾಗಿ ಮಾತಾಡುವುದು ಬಂದದ್ದು ಅಲ್ಲಿಂದಲೇ ಅಂತ ದೊಡ್ಡವರಾದ ಮೇಲೂ ಅವರು ಹೇಳಿಕೊಂಡಿದ್ದುಂಟು. ಯಾವ ರೇಡಿಯೋ ತರಬೇತಿ ಕೇಂದ್ರದಲ್ಲಿ ಇಂಥ ಪಾಠ ಸಿಗುತ್ತದೆ ಹೇಳಿ. ಎದುರಿಗೆ ಕಾಣದ, ನಮ್ಮ ಹಾಗೆ ಓದಿಕೊಂಡಿರದ, ನಮ್ಮ ಮನೆಮಾತು ಆಡದ ಒಬ್ಬ ಮನುಷ್ಯನಿಗೆ ಒಂದೇ ಸಲಕ್ಕೆ ಅರ್ಥವಾಗುವ ಹಾಗೆ ಹೇಳುವುದು. ರೇಡಿಯೋ ಅಂದರೆ ಅಷ್ಟೇ ತಾನೇ? ಓದುಗನಿಗಾದರೂ ಹಿಂದಿನ ಪುಟ ತಿರುವಿ ನೋಡುವ ಅವಕಾಶ ಇರುತ್ತದೆ, ಕೇಳುಗನಿಗೆ ಅದೂ ಇಲ್ಲ.

ಇನ್ನೊಂದು ಕಡೆ ಅಣ್ಣ ಹಮೀದ್ ಸಯಾನಿ. ಆಕಾಶವಾಣಿ ಬೊಂಬಾಯಿ ಕೇಂದ್ರದಲ್ಲಿ ಇಂಗ್ಲಿಷ್ ಕಾರ್ಯಕ್ರಮಗಳ ದೊಡ್ಡ ಹೆಸರು, ಜೊತೆಗೆ ಜಾದೂ ಕೂಡ ಮಾಡುತ್ತಿದ್ದರಂತೆ. ತಮ್ಮನನ್ನು ಏಳೆಂಟು ವರ್ಷದವನಿದ್ದಾಗಲೇ ಸ್ಟುಡಿಯೋಗೆ ಕರೆದುಕೊಂಡು ಹೋದವರು ಅವರೇ. ಅಲ್ಲಿಂದ ಅಮೀನ್ ವರ್ಷಗಟ್ಟಲೆ ಇಂಗ್ಲಿಷ್ ಕಾರ್ಯಕ್ರಮಗಳಲ್ಲಿ ದನಿ ಕೊಟ್ಟ. ಮೈಕಿನ ಭಯ ಅನ್ನುವುದು ಹಲ್ಲು ಬಿದ್ದು ಹುಟ್ಟುವ ವಯಸ್ಸಿನಲ್ಲೇ ಹೋಗಿಬಿಟ್ಟಿತ್ತು. ಓದಿದ್ದು ಮೊದಲು ಬೊಂಬಾಯಿಯ ನ್ಯೂ ಎರಾ ಸ್ಕೂಲಿನಲ್ಲಿ, ಆಮೇಲೆ ಗ್ವಾಲಿಯರ್ ಕೋಟೆ ಮೇಲಿರುವ ಸಿಂಧಿಯಾ ಸ್ಕೂಲಿನಲ್ಲಿ, ಕೊನೆಗೆ ಮತ್ತೆ ಬೊಂಬಾಯಿಗೆ, ಸೇಂಟ್ ಝೇವಿಯರ್ಸ್ ಕಾಲೇಜಿಗೆ. ನಡುವೆ ಹಾಡುಗಾರನಾಗುವ ಆಸೆ ಇತ್ತು. ಮೀಸೆ ಮೊಳೆಯುವ ಕಾಲಕ್ಕೆ ಗಂಟಲು ಒಡೆಯಿತು, ಹಾಡು ಅಲ್ಲಿಗೇ ನಿಂತಿತು. 'ದೇವರು ಕೊಟ್ಟ ಕಂಠ' ಅನ್ನುವವರು ಇದನ್ನೂ ಸ್ವಲ್ಪ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈಗ ಮುಖ್ಯ ಘಟನೆಗೆ ಬರೋಣ. ಸ್ವಾತಂತ್ರ್ಯ ಬಂದಾಗಿದೆ, ಕಾಲ ಹಿಂದಿಯದು. ಇಂಗ್ಲಿಷಿನಲ್ಲಿ ಪಳಗಿದ್ದ ಹುಡುಗ ಆಕಾಶವಾಣಿಯ ಹಿಂದಿ ವಿಭಾಗಕ್ಕೆ ಆಡಿಷನ್ ಕೊಟ್ಟ. ಓದುವುದೇನೋ ಚೆನ್ನಾಗಿದೆ, ಆದರೆ ಉಚ್ಚಾರಣೆಯಲ್ಲಿ ಗುಜರಾತಿ ಮತ್ತು ಇಂಗ್ಲಿಷಿನ ಛಾಯೆ ಜಾಸ್ತಿ ಅಂತ ಹೇಳಿ ಕಳಿಸಿಬಿಟ್ಟರು. ಸುಮ್ನೆ ಅವರನ್ನು ಬೈದು ಪ್ರಯೋಜನವಿಲ್ಲ. ಅವರ ಅಳತೆಗೋಲಿನಲ್ಲಿ ಅದು ಸರಿಯೇ. ಆಗ ಆಕಾಶವಾಣಿಯ ಭಾಷೆ ಯಾವುದಿರಬೇಕು ಅನ್ನುವುದೇ ಒಂದು ದೊಡ್ಡ ಜಗಳವಾಗಿತ್ತು. ಹಿಂದಿಯೋ, ಉರ್ದುವೋ, ಎರಡರ ನಡುವಿನ ಹಿಂದೂಸ್ತಾನಿಯೋ ಅಂತ ವರ್ಷಗಳಿಂದ ಎಳೆದಾಟ ನಡೆದು, ದಿನ ಕಳೆದಂತೆ ಶುದ್ಧ ಹಿಂದಿಯ ಕಡೆ ತಕ್ಕಡಿ ವಾಲುತ್ತಿತ್ತು. ಅಂಥ ಹೊತ್ತಿನಲ್ಲಿ ಗುಜರಾತಿ ಮನೆ, ಇಂಗ್ಲಿಷ್ ಮೈಕು, ಮೂರು ಲಿಪಿಯ ಪತ್ರಿಕೆ, ಎಲ್ಲ ಕಲಸಿಕೊಂಡ ನಾಲಗೆ ಅವರಿಗೆ ದೋಷವಾಗಿ ಕಂಡಿತು. ಹುಡುಗ ಅಣ್ಣನ ಹತ್ತಿರ ಹೋಗಿ ಅಲವತ್ತುಕೊಂಡ. ಅಣ್ಣ ಕೊಟ್ಟ ದಾರಿ ತುಂಬಾ ಸಾದಾ: ಕಾಲೇಜಿನ ಪಕ್ಕದಲ್ಲೇ ರೇಡಿಯೋ ಸಿಲೋನ್‌ನ ಹಿಂದಿ ಕಾರ್ಯಕ್ರಮಗಳ ರೆಕಾರ್ಡಿಂಗ್ ನಡೆಯುತ್ತದಲ್ಲ, ಅಲ್ಲಿ ಹೋಗಿ ಕೂತು ಕೇಳು, ಕಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ರೇಡಿಯೋದ ಹಿಂದಿ ಕಾರ್ಯಕ್ರಮಕ್ಕೆ ಬೊಂಬಾಯಿಯ ಕಾಲೇಜಿನ ಪಕ್ಕ ಏನು ಕೆಲಸ? ಇದು ಗೊತ್ತಾಗದಿದ್ದರೆ ಸಯಾನಿ ಗೊತ್ತಾಗುವುದಿಲ್ಲ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ತಮ್ಮ ಆಗ್ನೇಯ ಏಷ್ಯಾದ ಸೈನಿಕರಿಗಾಗಿ ಕೊಲಂಬೊದಿಂದ ಒಂದು ಬಾನುಲಿ ಕೇಂದ್ರ ನಡೆಸುತ್ತಿದ್ದರು. ಭಾರೀ ಶಕ್ತಿಯ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್. ಯುದ್ಧ ಮುಗಿಯಿತು, ಸೈನಿಕರು ಊರಿಗೆ ಹೋದರು, ಯಂತ್ರ ಅಲ್ಲೇ ಉಳಿಯಿತು. ಸಿಲೋನ್ ಸ್ವತಂತ್ರವಾದ ಮೇಲೆ ಅದು ರೇಡಿಯೋ ಸಿಲೋನ್ ಕೈಗೆ ಬಂತು. ಕೊಲಂಬೊ ಯೋಜನೆ ಅನ್ನುವ ದೇಶದೇಶಗಳ ನಡುವಿನ ನೆರವಿನ ಯೋಜನೆಯಲ್ಲಿ ಆಸ್ಟ್ರೇಲಿಯಾದಿಂದ ಬಂದ ಕ್ಲಿಫರ್ಡ್ ಡಾಡ್ ಎಂಬಾತ ಸ್ಥಳೀಯರ ಜೊತೆ ಸೇರಿ ಅದನ್ನು ಜಾಹೀರಾತು ಪಡೆಯುವ ಕೇಂದ್ರವನ್ನಾಗಿ ಕಟ್ಟಿದ. 1950ರಲ್ಲಿ ವಾಣಿಜ್ಯ ಸೇವೆ ಶುರುವಾಯಿತು. ಆ ಚಿಕ್ಕ ದ್ವೀಪಕ್ಕೆ ಅಷ್ಟು ದೊಡ್ಡ ಟ್ರಾನ್ಸ್‌ಮಿಟರ್ ಯಾಕೆ ಬೇಕು? ಬೇಕಾಗಿದ್ದು ಪಕ್ಕದ ಭಾರತಕ್ಕೆ. ಇಲ್ಲಿ ಕೋಟಿಗಟ್ಟಲೆ ಕಿವಿಗಳಿದ್ದವು, ಸೋಪು, ಟೂತ್‌ಪೇಸ್ಟ್ ಮಾರುವ ಕಂಪನಿಗಳಿದ್ದವು, ಆದರೆ ಆಕಾಶವಾಣಿ ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಅದು ಶುರುವಾದದ್ದು 1967ರಲ್ಲಿ.

ಅದರ ಮೇಲೆ 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾಗಿ ಬಂದರು. ಶಾಸ್ತ್ರೀಯ ಸಂಗೀತದ ಕಟ್ಟಾ ಅಭಿಮಾನಿ. ಸಿನಿಮಾ ಹಾಡು ಅಂದರೆ ಮೂಗು ಮುರಿಯುತ್ತಿದ್ದರು. ಹಾಡುಗಳ ಪಾಲನ್ನು ಕಡಿತ ಮಾಡಿದ್ದಲ್ಲದೆ, ಹಾಡು ಹಾಕುವಾಗ ಚಿತ್ರದ ಹೆಸರು ಹೇಳಿದರೆ ಅದು ಜಾಹೀರಾತಾಗುತ್ತದೆ, ಹೇಳಬಾರದು ಅಂತ ಆಯಿತು. ನಿರ್ಮಾಪಕರು ಸಿಟ್ಟಾಗಿ ಹಾಡು ಹಾಕಲು ಕೊಟ್ಟಿದ್ದ ಪರವಾನಗಿಯನ್ನೇ ವಾಪಸ್ ತೆಗೆದುಕೊಂಡರು. ಹೀಗೆ ಇಡೀ ದೇಶ ಹಾಡು ಕೇಳಬೇಕು ಅಂತ ಕೂತಿದ್ದಾಗ ದೇಶದ ರೇಡಿಯೋದಲ್ಲಿ ಹಾಡು ಹೆಚ್ಚುಕಡಿಮೆ ಕಾಣೆಯಾಯಿತು. ಕೇಳುಗರು ಏನು ಮಾಡಿದರು? ಮುಳ್ಳು ತಿರುಗಿಸಿ ಸಿಲೋನ್ ಹಿಡಿದರು. ಕೇಸ್ಕರ್ ಕಾಲದಲ್ಲೇ, 1957ರ ಅಕ್ಟೋಬರ್‌ನಲ್ಲಿ, ಆಕಾಶವಾಣಿ ವಿವಿಧ ಭಾರತಿ ಶುರುಮಾಡಿ ಹಾಡುಗಳನ್ನು ಮತ್ತೆ ಒಳಗೆ ಕರೆಯಬೇಕಾಯಿತು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ಆ ಐದು ವರ್ಷಗಳಲ್ಲೇ ಸಯಾನಿ ಸಯಾನಿಯಾದದ್ದು. ಕೇಸ್ಕರ್ ಅವರಿಗಿಂತ ದೊಡ್ಡ ಉಪಕಾರ ಸಯಾನಿಗೆ ಬೇರೆ ಯಾರೂ ಮಾಡಲಿಲ್ಲ, ಪಾಪ, ಬೇಕು ಅಂತ ಮಾಡಿದ್ದಲ್ಲ.

ಕಾರ್ಯಕ್ರಮಗಳನ್ನು ತಯಾರು ಮಾಡುತ್ತಿದ್ದದ್ದು ಬೊಂಬಾಯಿಯಲ್ಲಿ. ಹಾಡು, ಹಾಡುಗಾರರು, ಜಾಹೀರಾತುದಾರರು ಎಲ್ಲ ಇಲ್ಲೇ ಇದ್ದರಲ್ಲ. ಟೇಪಿಗೆ ರೆಕಾರ್ಡ್ ಮಾಡಿ, ಟೇಪನ್ನು ವಿಮಾನದಲ್ಲಿ ಕೊಲಂಬೊಗೆ ಕಳಿಸಿ, ಅಲ್ಲಿಂದ ಬಿತ್ತರ. ಅಂದರೆ ಬೊಂಬಾಯಿಯಲ್ಲಿ ಆಡಿದ ಮಾತು ಸಮುದ್ರ ದಾಟಿ ಹೋಗಿ, ಕೊಲಂಬೊದಿಂದ ಗಾಳಿಗೆ ಬಿದ್ದು, ಮತ್ತೆ ಬೊಂಬಾಯಿಯ ಚಾಳಿನ ರೇಡಿಯೋಗೆ ಬರುತ್ತಿತ್ತು. ಎರಡು ಸರ್ಕಾರಗಳ ನಡುವಿನ ಈ ಸಂದಿಯಲ್ಲಿ ಹೊಸ ಹುಡುಗರಿಗೆ ಜಾಗ ಇತ್ತು. ನಟ ಆಗುವ ಮೊದಲು ಸುನಿಲ್ ದತ್ ಕೂಡ ರೇಡಿಯೋ ಸಿಲೋನ್‌ಗೆ ದನಿ ಕೊಡುತ್ತಿದ್ದವರೇ.

ಸೇಂಟ್ ಝೇವಿಯರ್ಸ್‌ನ ತಾಂತ್ರಿಕ ಸಂಸ್ಥೆಯ ಸ್ಟುಡಿಯೋದಲ್ಲಿ ಬಾಲಗೋವಿಂದ ಶ್ರೀವಾಸ್ತವ ಅವರು ಓವಲ್ಟಿನ್ ಕಂಪನಿಯ ಪ್ರಾಯೋಜನೆಯ ಒಂದು ಕಾರ್ಯಕ್ರಮ ಮಾಡುತ್ತಿದ್ದರು. ಅಮೀನ್ ಅಲ್ಲಿ ಕೇಳುಗರ ಸಾಲಿನಲ್ಲಿ ಕೂತಿದ್ದ. ಒಂದು ದಿನ ಜಾಹೀರಾತು ಓದುವ ಮನುಷ್ಯ ಬರಲಿಲ್ಲ. ಕಾಯುವಷ್ಟು ಹೊತ್ತಿಲ್ಲ. ಶ್ರೀವಾಸ್ತವರು ಕೂತವರ ನಡುವಿಂದ ಈ ಹುಡುಗನನ್ನು ಎಬ್ಬಿಸಿ ಕೈಗೆ ಕಾಗದ ಕೊಟ್ಟರು. ಓದಿದ, ಕೆಲಸ ಆಯಿತು. ಅಲ್ಲಿಂದ ಪ್ರತಿ ವಾರ ಅವನೇ ಓದುವುದು ಅಂತ ಆಯಿತು. ಸಂಬಳ ಅಂದರೆ ವಾರಕ್ಕೆ ಒಂದು ಚಿಕ್ಕ ಓವಲ್ಟಿನ್ ಡಬ್ಬಿ. ತಮಾಷೆ ಅನ್ನಿಸಬಹುದು. ಆದರೆ ನೋಡಿ, ಹಿಂದಿ ಸರಿಯಿಲ್ಲ ಅಂತ ಹೊರಗೆ ಕಳಿಸಲಾದ ಹುಡುಗ ಹಿಂದಿಯಲ್ಲಿ ಪ್ರಸಾರವಾದದ್ದು ಹೀಗೆ. ಯಾರದ್ದೋ ಗೈರುಹಾಜರಿಯಿಂದ, ಅದೂ ಜಾಹೀರಾತಿನ ಬಾಗಿಲಿಂದ. ಜಾಹೀರಾತು ಬರೆಸಿದವನಿಗೆ ಉಚ್ಚಾರಣೆಯ ಶುದ್ಧಿ ಕಟ್ಟಿಕೊಂಡು ಏನಾಗಬೇಕು? ಕೇಳಿದವನು ಡಬ್ಬಿ ಕೊಂಡರೆ ಸಾಕು.

ಆಮೇಲೆ ಬಿನಾಕಾ ಬಂತು.

ಸೀಬಾ ಕಂಪನಿಯ ಟೂತ್‌ಪೇಸ್ಟ್ ಅದು. ರೇಡಿಯೋ ಸಿಲೋನ್‌ನಲ್ಲಿ ಅದರ ಹೆಸರಿನ ಇಂಗ್ಲಿಷ್ ಹಿಟ್ ಪರೇಡ್ ಆಗಲೇ ಜನಪ್ರಿಯವಾಗಿತ್ತು. ಹಿಂದಿಯಲ್ಲೂ ಒಂದು ಮಾಡೋಣ ಅಂತ ಹೊರಟರು. ಬಜೆಟ್ ಮಾತ್ರ ಕೈಬಿಗಿ. ಬರೆಯುವುದು, ಓದುವುದು, ಬಂದ ಕಾಗದಗಳನ್ನೆಲ್ಲ ಪರಿಶೀಲಿಸುವುದು ಎಲ್ಲ ಸೇರಿ ವಾರಕ್ಕೆ 25 ರೂಪಾಯಿ. ಹೆಸರು ಮಾಡಿದವರು ಯಾರೂ ಆ ದುಡ್ಡಿಗೆ ಒಪ್ಪುವ ಹಾಗಿರಲಿಲ್ಲ. ಅಮೀನ್ ಎಲ್ಲರಿಗಿಂತ ಕಿರಿಯ, ಓವಲ್ಟಿನ್ ಡಬ್ಬಿಗೆ ಹೋಲಿಸಿದರೆ 25 ರೂಪಾಯಿ ದೊಡ್ಡದೇ. ಒಪ್ಪಿಕೊಂಡ. 1952ರ ಡಿಸೆಂಬರ್ 3, ಬುಧವಾರ, ಬಿನಾಕಾ ಗೀತ್‌ಮಾಲಾ ಮೊದಲ ಸಲ ಕೇಳಿಬಂತು. ಆಗ ಅವನಿಗೆ ಇಪ್ಪತ್ತು ಕೂಡ ತುಂಬಿರಲಿಲ್ಲ.

ಮೊದಲಿನ ಸ್ವರೂಪ ಈಗ ಎಲ್ಲರಿಗೂ ನೆನಪಿರುವಂಥದ್ದಲ್ಲ. ಅರ್ಧ ಗಂಟೆ, ಏಳು ಹಾಡು. ಜನಪ್ರಿಯತೆಯ ಪಟ್ಟಿ ಇರಲಿಲ್ಲ, ಅದೊಂದು ಸ್ಪರ್ಧೆ. ಬೇರೆ ಬೇರೆ ಕಾಲದ ಏಳು ಹಾಡು ಹಾಕುವುದು, ಯಾವುದು ಮೊದಲು ಬಂತು ಯಾವುದು ಆಮೇಲೆ ಅಂತ ಕೇಳುಗರು ಕ್ರಮವಾಗಿ ಬರೆದು ಕಳಿಸುವುದು. ಬಹುಮಾನ 100 ರೂಪಾಯಿ, ಅಂದರೆ ನಿರೂಪಕನ ನಾಲ್ಕು ವಾರದ ಸಂಬಳ! ಐವತ್ತೋ ನೂರೋ ಕಾಗದ ಬಂದರೆ ಹೆಚ್ಚು ಅಂದುಕೊಂಡಿದ್ದರು. ಮೊದಲ ಕಂತಿಗೆ ಬಂದದ್ದು 9,000.

ಖುಷಿಯಿಂದ ಕುಣಿಯಬೇಕಾದ ಸುದ್ದಿ, ಕುಣಿದೂ ಇರಬಹುದು, ಆದರೆ ಆ ಕಾಗದಗಳನ್ನು ಒಡೆದು ನೋಡಬೇಕಾದವನು ಕೂಡ ಅವನೇ ಅಲ್ವಾ. ಸುಮ್ನೆ ಲೆಕ್ಕ ಹಾಕಿ. ಒಂದು ಕಾಗದಕ್ಕೆ ಅರ್ಧ ನಿಮಿಷ ಅಂದರೂ 9,000 ಕಾಗದಕ್ಕೆ 75 ಗಂಟೆ. ಊಟ ನಿದ್ದೆ ಬಿಟ್ಟರೆ ಒಂದು ವಾರದಲ್ಲಿ ಬೇರೇನೂ ಮಾಡುವ ಹಾಗಿಲ್ಲ. ಕಾಲೇಜು ಹುಡುಗ ಬೇರೆ. ಮುಂದೆ ಅದು ವಾರಕ್ಕೆ 65,000ದವರೆಗೆ ಏರಿತು. ಅದೇ ಲೆಕ್ಕದಲ್ಲಿ 540 ಗಂಟೆ, ಒಂದು ವಾರದಲ್ಲಿ ಇರುವುದೇ 168. ಇದು ನಡೆಯುವ ಮಾತಲ್ಲ. ಹೀಗಾಗಿ 1954ರ ಕೊನೆಗೆ ಸ್ಪರ್ಧೆ ಕೈಬಿಟ್ಟು ಕಾರ್ಯಕ್ರಮವನ್ನು ಒಂದು ಗಂಟೆಯ ಜನಪ್ರಿಯ ಹಾಡುಗಳ ಪಟ್ಟಿ ಮಾಡಿದರು. ಕೆಳಗಿನ ಹಾಡಿನಿಂದ ಹತ್ತುತ್ತಾ ಹತ್ತುತ್ತಾ ಮೇಲಿನದಕ್ಕೆ. ಇಡೀ ದೇಶ ನಲವತ್ತು ವರ್ಷ ಬುಧವಾರ ರಾತ್ರಿ ಎಂಟಕ್ಕೆ ಕಾದು ಕೂತ ಆ ಏರು ಪಟ್ಟಿ ಹುಟ್ಟಿದ್ದು ಯಾರದೋ ಮಹಾ ಕಲ್ಪನೆಯಿಂದ ಅಂತ ನನಗೆ ಅನ್ನಿಸುವುದಿಲ್ಲ, ಮೂಟೆ ಮೂಟೆ ಕಾಗದ ತಿದ್ದಲಾರದೆ ಹುಟ್ಟಿದ್ದು.

ಆದರೆ ಆ ಎರಡು ವರ್ಷ ಕಾಗದ ತಿದ್ದಿದ್ದು ವ್ಯರ್ಥ ಹೋಗಲಿಲ್ಲ ಅನ್ನುವುದು ನನ್ನ ವಾದ. ಆಕಾಶವಾಣಿಯ ಉದ್ಘೋಷಕನಿಗೆ ಕೇಳುಗ ಅಂದರೆ ಒಂದು ಊಹೆ. ಈ ಹುಡುಗನಿಗೆ ಹಾಗಲ್ಲ. ಕೇಳುಗನ ಕೈಬರಹ ಗೊತ್ತು, ಊರು ಗೊತ್ತು, ಹೆಸರು ತಪ್ಪಾಗಿ ಬರೆಯುವ ರೀತಿ ಗೊತ್ತು. ಪೋಸ್ಟ್‌ಕಾರ್ಡಿನ ಮೇಲೆ ಬರೆದ ಊರಿನ ಹೆಸರುಗಳನ್ನು ವಾರಗಟ್ಟಲೆ ನೋಡಿದವನಿಗೆ ತಾನು ಯಾರಿಗೆ ಮಾತಾಡುತ್ತಿದ್ದೇನೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ತಾಯಿಯ ಪತ್ರಿಕೆಯಲ್ಲಿ ಕಾಣದೆ ಇದ್ದ ಓದುಗ ಇಲ್ಲಿ ಎದುರಿಗೆ ಬಂದು ಕೂತ ಹಾಗಾಯಿತು. ಆಮೇಲೆ ಊರೂರಿನ ಕೇಳುಗರ ಸಂಘಗಳು ಹುಟ್ಟಿಕೊಂಡವು. ರೆಕಾರ್ಡ್ ಅಂಗಡಿಗಳ ಮಾರಾಟದ ಜೊತೆಗೆ ಈ ಸಂಘಗಳ ಮತವನ್ನೂ ಸೇರಿಸಿ ಪಟ್ಟಿ ಮಾಡುವ ಪದ್ಧತಿ ಬಂತು. ಸಯಾನಿ ಕಾರ್ಯಕ್ರಮದಲ್ಲಿ ಕಾಗದ ಬರೆದವರ ಊರು, ಹೆಸರು ಓದುತ್ತಿದ್ದರೆ ಅದು ಬರೀ ಔಪಚಾರಿಕತೆ ಅನ್ನಿಸುತ್ತಿರಲಿಲ್ಲ.

ಮಾತಿನ ರೀತಿಯನ್ನೂ ಒಮ್ಮೆ ಹತ್ತಿರದಿಂದ ಕೇಳಿ. ಹಳೆಯ ಧ್ವನಿಮುದ್ರಿಕೆಗಳು ಈಗ ಬೇಕಾದಷ್ಟು ಸಿಗುತ್ತವೆ. 'ಬೆಹನೋ ಔರ್ ಭಾಯಿಯೋ' ಅಂತ ಶುರು. ಸಭೆಗಳಲ್ಲಿ ರೂಢಿಯಾಗಿದ್ದದ್ದು ಸಹೋದರರು ಮೊದಲು, ಸಯಾನಿ ಸಹೋದರಿಯರನ್ನು ಮುಂದಕ್ಕೆ ತಂದರು. ಆ 'ಬೆಹನೋ'ವನ್ನು ಎಳೆಯುತ್ತಾರೆ, ಎಳೆದು ಬಿಟ್ಟು, ಮುಂದಿನ ಮಾತನ್ನು ತಟಕ್ಕನೆ ಹೇಳುತ್ತಾರೆ. ಹಾಡಿನ ಸ್ಥಾನಕ್ಕೆ 'ಪಾಯ್ದಾನ್', ಮೆಟ್ಟಿಲು. ಎಲ್ಲಕ್ಕಿಂತ ಮೇಲಿನದು 'ಸರ್ತಾಜ್', ಅದಕ್ಕೆ ಕಹಳೆ ಮೊಳಗಬೇಕು. ಯಾವ ಹಾಡು ಕಳೆದ ವಾರ ಎಲ್ಲಿತ್ತು, ಈ ವಾರ ಎಷ್ಟು ಮೆಟ್ಟಿಲು ಜಾರಿತು, ಯಾವುದು ಹೊಸದಾಗಿ ಒಳಗೆ ಬಂತು ಅಂತ ಹೇಳುವಾಗ ಹಾಡುಗಳು ನಮ್ಮ ಬೀದಿಯ ಹುಡುಗರ ಹಾಗೆ ಆಗಿಬಿಡುತ್ತವೆ, ಒಬ್ಬ ಪಾಸಾದ, ಒಬ್ಬ ಈ ಸಲ ಸ್ವಲ್ಪ ಹಿಂದೆ ಬಿದ್ದ. ವಾಕ್ಯಗಳು ಚಿಕ್ಕವು. ಕಷ್ಟದ ಪದ ಬರುವುದಿಲ್ಲ, ಬಂದರೆ ಪಕ್ಕದಲ್ಲೇ ಅದರ ಸುಲಭದ ಅಣ್ಣತಮ್ಮ ಇರುತ್ತಾನೆ. ಯಾವ ಉಚ್ಚಾರಣೆಯನ್ನು ಆಡಿಷನ್‌ನಲ್ಲಿ ಹೊಡೆದುಹಾಕಿದ್ದರೋ ಅದು ಇಲ್ಲಿ ಯಾರ ಮನೆಯದೂ ಅಲ್ಲದ, ಆದ್ದರಿಂದ ಎಲ್ಲರ ಮನೆಗೂ ಹೋಗಬಹುದಾದ ಹಿಂದೂಸ್ತಾನಿಯಾಗಿ ಕೇಳುತ್ತದೆ.

ನಮ್ಮ ಕಡೆಗೆ ಇದು ತಲುಪಿದ್ದೂ ಅದೇ ಕಾರಣಕ್ಕೆ ಅನ್ನಿಸುತ್ತದೆ. ರೇಡಿಯೋ ಕರ್ನಾಟಕಕ್ಕೆ ಹೊಸದೇನಲ್ಲ. 1935ರಲ್ಲೇ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ಬಾನುಲಿ ಕೇಂದ್ರ ಶುರುಮಾಡಿದ್ದರು, 'ಆಕಾಶವಾಣಿ' ಅನ್ನುವ ಹೆಸರು ಅಲ್ಲಿಯದು. 1955ರಲ್ಲಿ ಬೆಂಗಳೂರಿಗೂ ಕೇಂದ್ರ ಬಂತು. ಆದರೂ ಬುಧವಾರ ರಾತ್ರಿ ಕೊಲಂಬೊ ಹುಡುಕುವುದು ತಪ್ಪಲಿಲ್ಲ. ಆ ಕಾಲದವರನ್ನು ಕೇಳಿ ನೋಡಿ. ಶಾರ್ಟ್‌ವೇವ್‌ನ 25 ಮೀಟರ್, 41 ಮೀಟರ್ ಬ್ಯಾಂಡ್ ನೆನಪಿರುತ್ತದೆ. ಮುಳ್ಳನ್ನು ಕೂದಲೆಳೆಯಷ್ಟು ಆಚೀಚೆ ಮಾಡುವುದು, ಕಿರ್ರ್ ಅನ್ನುವ ಸದ್ದಿನ ನಡುವೆ ದನಿ ಏರುತ್ತಾ ಇಳಿಯುತ್ತಾ ಬರುವುದು, ಸರಿಯಾಗಿ ಸರ್ತಾಜ್ ಹಾಡಿನ ಹೆಸರು ಹೇಳುವಾಗಲೇ ದನಿ ಮುಳುಗುವುದು, ಎಲ್ಲ ಹೇಳುತ್ತಾರೆ. ಹಿಂದಿಯನ್ನು ಶಾಲೆಯಲ್ಲಿ ಅರೆಬರೆ ಕಲಿತವರಿಗೂ ಅವರ ಮಾತು ಅರ್ಥವಾಗುತ್ತಿತ್ತು. ದನಿ ಏರಿಳಿಯುವ ಶಾರ್ಟ್‌ವೇವ್‌ಗೆ ಕೂಡ ಆ ಮಾತಿನ ಕಟ್ಟು ಹೊಂದುತ್ತಿತ್ತು: ಮುಖ್ಯ ಸಂಗತಿಯನ್ನು ಎರಡು ಸಲ, ಬೇರೆ ಬೇರೆ ರೀತಿಯಲ್ಲಿ ಹೇಳುವುದು, ನಡುವೆ ಜಾಗ ಬಿಡುವುದು. ಒಂದು ಸಲ ತಪ್ಪಿದರೆ ಇನ್ನೊಂದು ಸಲ ಸಿಗುತ್ತದೆ.

ಹಾಗಾದರೆ ಇದೆಲ್ಲ ಅದೃಷ್ಟವೇ? ಕೇಸ್ಕರ್ ಬಾರದಿದ್ದರೆ, ಯುದ್ಧದ ಟ್ರಾನ್ಸ್‌ಮಿಟರ್ ಕೊಲಂಬೊದಲ್ಲಿ ಉಳಿಯದಿದ್ದರೆ, ಓವಲ್ಟಿನ್ ಓದುವವನಿಗೆ ಅವತ್ತು ಜ್ವರವೋ ಏನೋ ಬಾರದಿದ್ದರೆ? ಅರ್ಧ ಒಪ್ಪುತ್ತೇನೆ. ಅದೇ ಕಾಲದಲ್ಲಿ ಅದೇ ಸ್ಟುಡಿಯೋಗಳಲ್ಲಿ ಬೇರೆಯವರೂ ಇದ್ದರು, ಸಯಾನಿಗಿಂತ ಒಳ್ಳೆಯ ಹಿಂದಿ ಇದ್ದವರು, ಗಟ್ಟಿ ಕಂಠದವರು. ಅವರಲ್ಲಿ ಹೆಚ್ಚಿನವರಿಗೆ 25 ರೂಪಾಯಿಯ ಕೆಲಸ ಬೇಡವಾಗಿತ್ತು. ಬೇಕಾಗಿದ್ದ ಒಬ್ಬನಿಗೆ ಆ ಕೆಲಸಕ್ಕೆ ತಕ್ಕ ತಯಾರಿ ಆಗಲೇ ಮನೆಯಲ್ಲಿ ಆಗಿತ್ತು. ಬರೆಯುವುದೂ ಓದುವುದೂ ಕಾಗದ ನೋಡುವುದೂ ಒಬ್ಬನ ತಲೆಯ ಮೇಲೇ ಬಿದ್ದದ್ದರಿಂದ ಆ ಕಾರ್ಯಕ್ರಮಕ್ಕೆ ಒಂದು ವ್ಯಕ್ತಿತ್ವ ಬಂತು. ಸ್ಕ್ರಿಪ್ಟ್ ಬರೆಯಲು ಒಬ್ಬ, ಓದಲು ಒಬ್ಬ, ಪತ್ರ ವಿಭಾಗಕ್ಕೆ ಒಬ್ಬ ಅಂತ ದುಡ್ಡು ಸುರಿದಿದ್ದರೆ ಅದು ಇನ್ನೊಂದು ಹಾಡಿನ ಕಾರ್ಯಕ್ರಮವಾಗಿ ಮುಗಿಯುತ್ತಿತ್ತು ಅಂತ ನನ್ನ ಅನಿಸಿಕೆ.

ಮುಂದಿನದನ್ನು ಬೇಗ ಹೇಳುತ್ತೇನೆ. 1960ರಿಂದ 62ರವರೆಗೆ ಸಯಾನಿ ಟಾಟಾ ಆಯಿಲ್ ಮಿಲ್ಸ್‌ನಲ್ಲಿ ಕೆಲಸ ಮಾಡಿದರು. ಹಮಾಮ್, ಜೈ ಸೋಪುಗಳ ಮಾರಾಟ ನೋಡಿಕೊಳ್ಳುವ ಕೆಲಸ. ದೇಶವೆಲ್ಲ ಗುರುತಿಸುವ ದನಿಯ ಒಡೆಯ ಹಗಲು ಹೊತ್ತು ಸೋಪಿನ ಲೆಕ್ಕ ನೋಡುತ್ತಿದ್ದರು ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ಗೀತ್‌ಮಾಲಾ 80ರ ದಶಕದ ಕೊನೆಯವರೆಗೆ ಸಿಲೋನ್‌ನಲ್ಲಿ, ಆಮೇಲೆ ವಿವಿಧ ಭಾರತಿಯಲ್ಲಿ, 1994ರವರೆಗೆ ನಡೆಯಿತು. ಬಿನಾಕಾ ಹೋಗಿ ಸಿಬಾಕಾ ಆಯಿತು, ಜನ ಬಿನಾಕಾ ಅನ್ನುವುದನ್ನು ಬಿಡಲಿಲ್ಲ. ಅಂದ ಹಾಗೆ ವಿವಿಧ ಭಾರತಿ ಯಾರದು? ಆಕಾಶವಾಣಿಯದ್ದೇ. ಒಟ್ಟು 54,000 ರೇಡಿಯೋ ಕಾರ್ಯಕ್ರಮ, 19,000 ಜಾಹೀರಾತು ಮತ್ತು ಜಿಂಗಲ್ ಅವರ ಹೆಸರಿನಲ್ಲಿ ಲಿಮ್ಕಾ ದಾಖಲೆ ಪುಸ್ತಕಕ್ಕೆ ಹೋದವು. 2009ರಲ್ಲಿ ಪದ್ಮಶ್ರೀ ಬಂತು, ತಾಯಿಗೂ ಮಗನಿಗೂ ಒಂದೇ ಪ್ರಶಸ್ತಿ. ಅಣ್ಣ ಹಮೀದ್ 1975ರಲ್ಲಿ ತೀರಿಕೊಂಡಾಗ ಅವರು ನಡೆಸುತ್ತಿದ್ದ ಬೋರ್ನ್‌ವಿಟಾ ಕ್ವಿಜ್ ಸ್ಪರ್ಧೆಯನ್ನು ತಮ್ಮ ವಹಿಸಿಕೊಂಡರು. ಹಾಡುಗಳ ಸಯಾನಿಯನ್ನೇ ಕೇಳಿ ಬೆಳೆದವರಿಗೆ ಆ ಇಂಗ್ಲಿಷ್ ಸಯಾನಿ ಬೇರೆ ಯಾರೋ ಅನ್ನಿಸಬಹುದು, ನಿಜಕ್ಕೂ ಮೊದಲು ಇದ್ದದ್ದು ಆ ಇಂಗ್ಲಿಷ್ ಸಯಾನಿಯೇ. ಎಚ್ಐವಿ ಕುರಿತು ಆಕಾಶವಾಣಿಗಾಗಿ 13 ಕಂತಿನ ಸರಣಿಯನ್ನೂ ಮಾಡಿದರು. ನಾಟಕದ ರೂಪದ ಪ್ರಕರಣಗಳು, ಜೊತೆಗೆ ಡಾಕ್ಟರುಗಳ ಮಾತು. ನನಗೆ ಅದರಲ್ಲಿ 'ರಹಬರ್'ನ ನೆರಳು ಕಾಣುತ್ತದೆ.

ಈಗಿನ ರೇಡಿಯೋದವರು ಈ ಪ್ರಕರಣವನ್ನು ತಮ್ಮ ಪರವಾಗಿ ಎಳೆದುಕೊಳ್ಳುವುದನ್ನು ಕೇಳಿದ್ದೇನೆ. 2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್ಎಂ ಶುರುವಾದಾಗಿನಿಂದ ಆರ್‌ಜೆಗಳ ಕಲಬೆರಕೆ ಕನ್ನಡದ ಮೇಲೆ ಜಗಳ ಇದ್ದೇ ಇದೆ. 'ಸಯಾನಿಯನ್ನೂ ಶುದ್ಧವಲ್ಲ ಅಂತ ಓಡಿಸಿದ್ದರು, ನಮ್ಮದೂ ಹಾಗೇ' ಅಂತ ವಾದ. ಇದನ್ನು ನಾನು ಒಪ್ಪುವುದಿಲ್ಲ. ಸಯಾನಿಯ ಬೆರಕೆ ಕೇಳುಗನನ್ನು ನೋಡಿ ಮಾಡಿದ್ದು. ಗುಲ್ಬರ್ಗದವನಿಗೂ ತಿಳಿಯಲಿ, ಪಟ್ನಾದವನಿಗೂ ತಿಳಿಯಲಿ ಅಂತ ಪದ ಆರಿಸಿದ್ದು. ಮಾತಾಡುವವನಿಗೆ ಯಾವುದು ನಾಲಗೆಗೆ ಸುಲಭವೋ ಅದನ್ನು ಬಿಡುವುದು ಬೇರೆ ವಿಷಯ. ಮಂಡ್ಯದ ಅಜ್ಜಿಗೆ ಅರ್ಥವಾಯಿತೇ ಅಂತ ಒಂದು ಕ್ಷಣ ಯೋಚಿಸಿ ಬೆರೆಸಿದರೆ ನನ್ನ ತಕರಾರಿಲ್ಲ. ಅಷ್ಟು ಯೋಚಿಸುವ ಆರ್‌ಜೆಗಳೂ ಇದ್ದಾರೆ, ಅವರ ಕಾರ್ಯಕ್ರಮಕ್ಕೆ ಬರುವ ಕರೆಗಳಲ್ಲೇ ಅದು ಗೊತ್ತಾಗುತ್ತದೆ.

ಇನ್ನೊಂದು ಸಂಗತಿ ಹೇಳದೆ ಈ ಪ್ರಕರಣದ ಕಡತ ಮುಚ್ಚುವ ಹಾಗಿಲ್ಲ. 60ರ ದಶಕದ ಕೊನೆಗೆ ಸಯಾನಿ ಕೈತುಂಬ ಕೆಲಸ ಇದ್ದ ಮನುಷ್ಯ, ವಾರಕ್ಕೆ ಇಪ್ಪತ್ತು ಕಾರ್ಯಕ್ರಮ. ಒಬ್ಬ ಸಣಕಲ ಹುಡುಗ ದನಿ ಪರೀಕ್ಷೆಗೆ ಅಂತ ಅವರ ಆಫೀಸಿಗೆ ಬಂದ. ಮೊದಲೇ ಸಮಯ ಕೇಳಿರಲಿಲ್ಲ. ಒಂದು ನಿಮಿಷವೂ ಬಿಡುವಿಲ್ಲ, ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಬರಲಿ ಅಂತ ಒಳಗಿಂದಲೇ ಹೇಳಿ ಕಳಿಸಿದರು. ಹುಡುಗ ಮತ್ತೆಯೂ ಬಂದ, ಮತ್ತೆಯೂ ಅದೇ ಉತ್ತರ. ದನಿ ಹೇಗಿದೆ ಅಂತ ಕೇಳಲೇ ಇಲ್ಲ. ಆ ಹುಡುಗ ಅಮಿತಾಭ್ ಬಚ್ಚನ್. 2014ರ ಸುಮಾರಿಗೆ ಸಯಾನಿ ತಾವೇ ಇದನ್ನು ಹೇಳಿಕೊಂಡರು. ಬೇಜಾರಿದೆ, ಆದರೆ ಆದದ್ದು ಇಬ್ಬರಿಗೂ ಒಳ್ಳೆಯದೇ ಆಯಿತು ಅಂದರು. ಅವತ್ತು ಕೇಳಿದ್ದರೆ ತಾನು ಬೀದಿಗೆ ಬೀಳುತ್ತಿದ್ದೆ, ಆತನಿಗೆ ರೇಡಿಯೋದಲ್ಲೇ ಕೈತುಂಬ ಕೆಲಸ ಸಿಕ್ಕಿ ಸಿನಿಮಾಗೆ ಅತಿ ದೊಡ್ಡ ನಟ ತಪ್ಪಿಹೋಗುತ್ತಿದ್ದ ಅಂತ.